ರೆಕ್ಕೆ ಇಲ್ಲದ ಮಾಳವ್ವ

ಊರುಗಳಿಗಿನ್ನೂ ಹೆಸರು ಬೀಳದಿದ್ದ ಕಾಲ. ಎರೆಸೀಮೆಯ ಒಂದು ಊರಿನಲ್ಲಿ ಮಾಳವ್ವ ಅಂತ ಒಬ್ಬ ಮದ್ದಿನವಳು ಇದ್ದಳಂತೆ. ಕಾಲು ಚಾಚಿ ಕೂತು ಕೇಳಿ, ಅವಸರದ ಕತೆಯಲ್ಲ ಇದು.

ಊರಿಗೆ ಗಂಟಲುಬೇನೆ ಬಂತಂತೆ. ಬರೀ ಮಕ್ಕಳಿಗೇ ಬಂತಂತೆ. ಮಾಳವ್ವ ಬೇನೆ ಬಿದ್ದ ಕೂಸುಗಳನ್ನೆಲ್ಲ ಊರಾಚೆಯ ಕುರಿದೊಡ್ಡಿಗೆ ಒಯ್ದು, ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿ, ತಾನೂ ಅವರ ಜೊತೆ ಒಳಗಿರಲು ಹೊರಟಳಂತೆ. ಬೇನೆ ದನಿಯ ಬೆನ್ನೇರಿ ಬರುತ್ತದೆ ಅನ್ನುವುದು ಆಗಿನವರ ನಂಬಿಕೆ. ಹಾಗಾಗಿ ಒಳಗಿನವರು ಕೂಗಬಾರದು, ಹೊರಗಿನವರು ಕರೆಯಬಾರದು. ಬೇಲಿಯ ಬುಡದಲ್ಲಿ ಗಂಜಿ ಇಟ್ಟು ಹೋಗಬೇಕು. ಖಾಲಿ ಮಡಕೆ ಬೋರಲಾಗಿದ್ದರೆ ಒಳಗೆ ಜೀವ ಇದೆ. ಬಾಯಿ ಮೇಲಾಗಿದ್ದರೆ ಎಲ್ಲ ಮುಗಿಯಿತು. ಈ ಕಟ್ಟಳೆ ಮಾಡಿದವಳು ಮಾಳವ್ವನೇ.

ಅವಳ ತಮ್ಮ ಬೊಮ್ಮಲಿಂಗನಿಗೆ ತಡೆಯಲಾಗಲಿಲ್ಲವಂತೆ. “ಅಕ್ಕಾ, ಒಂದ್ ಮಾತೂ ಆಡದ ಹೆಂಗಿರ್ತಿ?” ಅಂದನಂತೆ.

“ನೀ ಬಾಯಿ ಮುಚ್ಚಿದ್ರ ಕುರಿಗಳಿಗೂ ಆರಾಮ. ನಿನ್ನ ಮಗಳನ್ನ ಮಾತ್ರ ಇತ್ತ ಬಿಡಬ್ಯಾಡ, ನಡಿ,” ಅಂದು ಅವಳು ಮುಳ್ಳು ಎಳೆದುಕೊಂಡಳಂತೆ.

ಆ ಬೇಲಿಯ ತುಂಬ ಕಡ್ಡಿಚೂರು ಸುತ್ತಿದ ಹುಳದ ಗೂಡುಗಳು ಜೋತಾಡುತ್ತಿದ್ದವು. ಗಂಡು ಪತಂಗ ಹಾರಿ ಬರುತ್ತದೆ, ಹಾರಿ ಹೋಗುತ್ತದೆ. ಹೆಣ್ಣಿಗೆ ರೆಕ್ಕೆಯೇ ಇಲ್ಲ. ಗೂಡಿನಲ್ಲೇ ಮೊಟ್ಟೆಯಿಟ್ಟು ಗೂಡಿನಲ್ಲೇ ಒಣಗುತ್ತದೆ. ನಾನು ಓದಿದ ಕಾಲೇಜಿನ ಪುಸ್ತಕದಲ್ಲೂ ಹಾಗೇ ಇತ್ತು, ಅದಿರಲಿ. ಕೂಸುಗಳು ನಿದ್ದೆ ಹೋದಾಗ ಮಾಳವ್ವ ಅದನ್ನೇ ನೋಡುತ್ತ ಕೂರುತ್ತಿದ್ದಳಂತೆ.

ಒಂದು ದಿನ ಸುಳಿಗಾಳಿ ಎದ್ದು ಮಡಕೆಯನ್ನು ಹೊರಳಿಸಿ, ಬಾಯಿ ಮೇಲೆ ಮಾಡಿ ಹೋಯಿತಂತೆ. ಗಂಜಿ ತಂದ ಬೊಮ್ಮಲಿಂಗ ನೋಡಿದ. ಗಂಜಿ ಚೆಲ್ಲಿದ, ಎದೆ ಬಡಿದುಕೊಂಡ, ತಿರುಗಿದ. ಅವನ ಬೆನ್ನು ಅವಳಿಗೆ ಕಾಣುತ್ತಿತ್ತಂತೆ. ಒಂದು ಕೂಗು ಸಾಕಿತ್ತು. ಬಾಯಿ ತೆರೆದಳಂತೆ. ಬೇಡವೆಂದರೂ ಅವನು ಮಗಳನ್ನು ಕೈಹಿಡಿದು ಕರೆತಂದಿದ್ದನಂತೆ. ದನಿಯ ಜೊತೆ ಬೇನೆ ಆ ಹುಡುಗಿಗೂ ತಾಕೀತೆಂದು ಬಾಯಿ ಮುಚ್ಚಿದಳಂತೆ.

ಆಮೇಲೆ ತೆವಳಿ ಬಂದು ಮಡಕೆ ಬೋರಲು ಹಾಕಿದಳಂತೆ. ನೋಡಲು ಯಾರೂ ಬರಲಿಲ್ಲ. ಉಳಿದ ಹಿಡಿ ನವಣೆಯನ್ನು ಅಗಿದು ಅಗಿದು ಕೂಸುಗಳ ಬಾಯಿಗಿಟ್ಟಳಂತೆ, ತಾನು ನುಂಗಲಿಲ್ಲವಂತೆ. ಆದರೂ ಒಂದೊಂದೇ ಕೂಸು ತಣ್ಣಗಾಯಿತಂತೆ.

ಕೊನೆಗೆ ದೊಡ್ಡಿ ಸುಡಲು ಬೆಂಕಿ ಹಿಡಿದು ಬಂದ ಬೊಮ್ಮಲಿಂಗನಿಗೆ ಬೋರಲು ಮಡಕೆ ಕಂಡಿತಂತೆ. ಬೆಂಕಿ ಬಿಸಾಕಿ, ಬರಿಗೈಯಲ್ಲಿ ಮುಳ್ಳು ಕಿತ್ತು ಒಳಗೆ ಹೋದನಂತೆ. ಮಾಳವ್ವ ಒಣಗಿ ಹೋಗಿದ್ದಳು. ಉಳಿದಿದ್ದ ಒಂದೇ ಕೂಸು ಅವಳ ಬೆರಳು ಚೀಪುತ್ತಿತ್ತಂತೆ.

ಇವತ್ತಿಗೂ ಆ ಊರಿನವರು ಜಾಲಿಯ ಗೂಡು ಕೀಳುವುದಿಲ್ಲ. ಯಾರ ಬಾಗಿಲಿಂದಲೂ ಕರೆಯದೆ ಹಿಂದಿರುಗುವುದಿಲ್ಲ. ಬೇಲಿಯಲ್ಲಿ ಗೂಡು ಕಂಡರೆ ನಿಂತು, “ಮಾಳವ್ವಾ, ಅದಿಯೇನ?” ಅಂತ ಕೂಗುತ್ತಾರೆ. ಗೂಡಿನಿಂದ ಸದ್ದೇನೂ ಬರುವುದಿಲ್ಲ. ಆದರೂ ಸ್ವಲ್ಪ ಹೊತ್ತು ಕಾಯುತ್ತಾರೆ.