ಜೋಗ ಗೆದ್ದ ಪೊಟರೆ

ಮಾವಿನ ತೋಪಿನಲ್ಲಿ ಕೆಲಸಕ್ಕಿದ್ದ ಕೋತಿಗಳು ಜೋಡಿಯಾಗಿ ಹಣ್ಣು ಇಳಿಸುತ್ತಿದ್ದವು. ಒಂದು ಕೋತಿ ಮರದ ಮೇಲಿಂದ ಎಸೆದರೆ, ಕೆಳಗೆ ನಿಂತ ಇನ್ನೊಂದು ಕೋತಿ ಹಣ್ಣಿಗೆ ಪೆಟ್ಟಾಗದಂತೆ ಹಿಡಿಯಬೇಕು. ಜೋಗ ಎಸೆಯುತ್ತಿದ್ದ, ನಿಂಗಿ ಹಿಡಿಯುತ್ತಿದ್ದಳು.

ಕೊಯ್ಲು ಮುಗಿದ ದಿನ ಎಲ್ಲರೂ ಸೇರಿ ಎಸೆತದ ಪಂದ್ಯ ಇಟ್ಟುಕೊಂಡರು. ಹಣ್ಣನ್ನು ಎಲ್ಲರಿಗಿಂತ ದೂರ ಬೀಳಿಸಿದವರಿಗೆ ಹಳೆಯ ಮರದ ತುದಿಯಲ್ಲಿದ್ದ ಪೊಟರೆ ಬಹುಮಾನ. ಇಡೀ ತೋಪಿನಲ್ಲಿ ಮಳೆಗೆ ನೆನೆಯದ ಜಾಗ ಅದೊಂದೇ. ಅದರಲ್ಲಿ ಒಂದೇ ಕೋತಿ ಕೂರಬಹುದಿತ್ತು.

ಜೋಗ ಎಸೆದಾಗ ನಿಂಗಿ ಅಭ್ಯಾಸಬಲದಿಂದ ಓಡಿಹೋಗಿ ಹಣ್ಣು ಹಿಡಿದುಬಿಟ್ಟಳು. ಎಲ್ಲರೂ ನಕ್ಕರು.

"ನೆಲ ಮುಟ್ಟದ ಹಣ್ಣು ಲೆಕ್ಕಕ್ಕಿಲ್ಲ. ಇನ್ನೊಂದು ಎಸೆಯಪ್ಪ," ಎಂದಿತು ಹಿರಿಯ ಕೋತಿ.

"ಈ ಸಲ ಅಡ್ಡ ಬರಬೇಡ ಮಾರಾಯ್ತಿ," ಎಂದ ಜೋಗ.

"ನೀನು ಎಸೆದದ್ದು ನೆಲಕ್ಕೆ ಬಿದ್ದರೆ ನನಗಲ್ಲವೇ ಅವಮಾನ, ಜೋಗಣ್ಣ?"

"ಬಿದ್ದರೇ ನಾನು ಗೆಲ್ಲುವುದು. ದೂರ ಹೋಗು."

ನಿಂಗಿ ದೂರ ಹೋದಳು. ಹಣ್ಣು ಬೇಲಿಯಾಚೆ ಬಿದ್ದು ಒಡೆಯಿತು. ಪೊಟರೆ ಜೋಗನದಾಯಿತು.

ಆ ವಾರವೇ ಮಳೆ ಹಿಡಿಯಿತು. ಕೆಳಗಿನ ಕೊಂಬೆಯಲ್ಲಿ ಕೋತಿಗಳೆಲ್ಲ ಒಂದರ ಮೈಗೆ ಒಂದು ಒತ್ತಿಕೊಂಡು ಕೂತವು. ಜೋಗ ಪೊಟರೆಯಿಂದ ತಲೆ ಹೊರಗೆ ಹಾಕಿ ಕೂಗಿದ: "ನಿಂಗೀ, ಕೊನೆಯ ಹಣ್ಣೊಂದು ಉಳಿದಿದೆ. ಕೆಳಗಿಳಿದು ನಿಲ್ಲು, ಎಸೆಯುತ್ತೇನೆ!"

"ಈಗ ಏಳಲಾರೆ ಜೋಗಣ್ಣ. ನಾನು ಎದ್ದರೆ ಪಕ್ಕದವರಿಗೆ ಚಳಿಯಾಗುತ್ತದೆ."

ಜೋಗ ತಲೆ ಒಳಗೆಳೆದುಕೊಂಡ. ಒಣ ಪೊಟರೆಯಲ್ಲಿ ಕೂತು ಹಣ್ಣನ್ನು ಗೇಣೆತ್ತರ ಮೇಲಕ್ಕೆ ಎಸೆದ. ಅದನ್ನು ತಾನೇ ಹಿಡಿದ.