ಈಮೇಲ್ ಪೆಟ್ಟಿಗೆ ಮತ್ತು ಹಲ್ಲಿ

ಟೆಲಿಫೋನ್ ತಂತಿಯ ಮೂಲಕ ಪತ್ರ ತರಿಸುತ್ತಿದ್ದ ಹಳೆಯ ಈಮೇಲ್ ಪೆಟ್ಟಿಗೆಯೊಂದು ಫಿಲೋಮಿನಾ ಬಾಯಿಯ ರಿಪೇರಿ ಅಂಗಡಿಯಲ್ಲಿ ಕೂತಿತ್ತು. ಅದು ಡಯಲ್ ಮಾಡುವ ನಂಬರು ಸತ್ತು ಎಂಟು ವರ್ಷವಾಗಿತ್ತು. ಡಯಲಿನ ಭಾಗವನ್ನು ಕಿತ್ತು, ಅದರ ಪರದೆಯನ್ನು ದೋಣಿ ನಿಲ್ಲುವ ಧಕ್ಕೆಯಲ್ಲಿ ದೋಣಿಗಳ ವೇಳೆ ತೋರಿಸಲು ಹಚ್ಚಬೇಕೆಂದು ಫಿಲೋಮಿನಾಳ ಯೋಚನೆ. ಪೆಟ್ಟಿಗೆಯೋ ಸ್ಕ್ರೂ ಬಿಗಿಹಿಡಿದು ಬಿಡಲೊಲ್ಲದು.

"ಇವತ್ತು ಬಿಚ್ಚಲಿಲ್ಲವೋ, ನಾಳೆ ಗುಜರಿಗೇ ನೀನು ಮಾರಾಯ," ಎಂದು ಬೈದು ಅವಳು ಊಟಕ್ಕೆ ಹೋದಳು.

"ಇವತ್ತು ಪತ್ರ ಬಂದೇ ಬರುತ್ತದೆ," ಎಂದಿತು ಪೆಟ್ಟಿಗೆ.

ಗೋಡೆಯ ಹಲ್ಲಿ ಲೊಚಗುಟ್ಟಿತು.

"ಹಲ್ಲಿ ನುಡಿಯಿತು! ಇನ್ನು ಸಂಶಯವೇ ಇಲ್ಲ."

"ಅಯ್ಯಾ, ನಿನಗೆ ಹೂಂಗುಟ್ಟಿದ್ದಲ್ಲ ಅದು," ಎಂದಿತು ಹಲ್ಲಿ. "ನನ್ನವಳನ್ನು ಕರೆದೆ. ಮೂರು ವರ್ಷವಾಯಿತು, ಉತ್ತರವಿಲ್ಲ."

ಪೆಟ್ಟಿಗೆ ಮೆತ್ತಗಾಯಿತು. "ಮತ್ತೆ ಇನ್ನೂ ಏಕೆ ಕರೆಯುತ್ತೀ?"

"ಕರೆಯದೆ ಇರಲಾರೆ. ಆದರೆ ಎರಡು ಕರೆಯ ನಡುವೆ ಸೊಳ್ಳೆ ಹಿಡಿಯುತ್ತೇನೆ. ಇಲ್ಲವಾದರೆ ಅವಳು ಬಂದ ದಿನ ಅವಳಿಗೆ ಸಿಗುವುದು ನನ್ನ ಒಣಚರ್ಮ."

ಊಟ ಮುಗಿಸಿ ಬಂದ ಫಿಲೋಮಿನಾಳ ಕೈಗೆ ಸ್ಕ್ರೂ ಸಲೀಸಾಗಿ ತಿರುಗಿತು.

ಈಗ ಪೆಟ್ಟಿಗೆ ಧಕ್ಕೆಯ ಗೋಡೆಯಲ್ಲಿದೆ. ಅದರ ಬೆನ್ನಿಗಂಟಿಕೊಂಡು ಹಲ್ಲಿಯೂ ಬಂದಿದೆ. ಒಂದು ಸಂಜೆ ಹೆಂಗಸೊಬ್ಬಳು ಪರದೆಯ ಮುಂದೆ ನಿಂತು, "ಈ ದೋಣಿಯಲ್ಲಾದರೂ ಬರುತ್ತಾರಾ ಇವರು?" ಎಂದಳು. ಹಲ್ಲಿ ಲೊಚಗುಟ್ಟಿತು. ಅವಳು "ಕೃಷ್ಣ, ಕೃಷ್ಣ" ಎಂದು ಬೆರಳಿನಿಂದ ಗೋಡೆ ತಟ್ಟಿ, ನೆಮ್ಮದಿಯಾಗಿ ಕಲ್ಲುಬೆಂಚಿನ ಮೇಲೆ ಕೂತಳು.

ಹಲ್ಲಿ ಕರೆದದ್ದು ಯಾರನ್ನೆಂದು ಪೆಟ್ಟಿಗೆಗೆ ಗೊತ್ತಿತ್ತು. ಅದು ಮುಂದಿನ ದೋಣಿಯ ಹೊತ್ತನ್ನಷ್ಟೇ ತೋರಿಸಿತು.