ಡ್ರೈವರನ ‘ಆಯ್ತು’

ಕಂಪ್ಯೂಟರಿನೊಳಗಿನ ಆಡಳಿತವೆಲ್ಲ ಕರ್ನೆಲ್ ದೊರೆಯದು. ಅವನು ಕೊಟ್ಟ ಬರಹಗಳನ್ನು, ಕರೆಂಟು ಹೋದರೂ ಅಳಿಯದಂತೆ ಕಾಯುವ ಫ್ಲ್ಯಾಶ್ ಮೆಮೊರಿಗೆ ತಲುಪಿಸುವುದು ಡ್ರೈವರ್ ಎಂಬ ಸೇವಕನ ಕೆಲಸ. ನಿಧಾನಿ ಎಂಬ ಬೈಗುಳಕ್ಕೆ ಹೆದರಿ ಅವನು ಸುಧಾರಿಸಿಕೊಂಡದ್ದು ಒಂದನ್ನೇ: ಬರಹ ಕೈಗೆ ಬಂದೊಡನೆ “ಆಯ್ತು” ಎನ್ನುತ್ತಿದ್ದ. ದೊರೆ ಅದನ್ನು ನಂಬಿ ತನ್ನ ಪ್ರತಿಯನ್ನು ಹರಿದುಹಾಕುತ್ತಿದ್ದ.

ಒಂದು ದಿನ ದೊರೆ ತನ್ನ ಪರಿವಾರದ ಹೆಸರುಗಳ ಪಟ್ಟಿಯನ್ನೇ ಕೊಟ್ಟ; ಡ್ರೈವರನ ಹೆಸರೂ ಅದರಲ್ಲಿತ್ತು. “ಆಯ್ತು,” ಎಂದ ಡ್ರೈವರ್. ಅಷ್ಟರಲ್ಲಿ ಕರೆಂಟು ತಡವರಿಸಿತು.

“ಅಯ್ಯಾ, ನನಗಿನ್ನೂ ಒಂದಕ್ಷರವೂ ಮುಟ್ಟಿಲ್ಲ,” ಎಂದು ಫ್ಲ್ಯಾಶ್ ಕೂಗಿತು. “ಮಾಡುತ್ತೇನೆ ಎಂಬರ್ಥದಲ್ಲಿ ನೀನು ‘ಆಯ್ತು’ ಅಂದೆ. ಮುಗಿಯಿತು ಎಂದು ದೊರೆ ತಿಳಿದರು. ಓಡು, ಹರಿಯಬೇಡಿ ಎನ್ನು!”

ಡ್ರೈವರ್ ದೊರೆಯತ್ತ ತಿರುಗಿದ. ಆದರೆ ಹಳೆಯ ಬೈಗುಳ ನೆನಪಾಗಿ ಕಾಲೇಳಲಿಲ್ಲ. ದೊರೆ ತನ್ನ ಪ್ರತಿಯನ್ನು ಹರಿದ. ಕರೆಂಟು ಹೋಗಿ, ಡ್ರೈವರನ ಕೈಯಲ್ಲಿದ್ದದ್ದೂ ಅಳಿಸಿಹೋಯಿತು.

ಕರೆಂಟು ಮರಳಿದಾಗ ದೊರೆ ಕಣ್ಣುಬಿಟ್ಟು, ಎದುರು ನಿಂತಿದ್ದ ಡ್ರೈವರನನ್ನು ದಿಟ್ಟಿಸಿ ಕೇಳಿದ: “ಯಾರು ನೀನು?”